ಮೂವತ್ತಕ್ಕೆ ಮುಂಚೆಯೇ ಆಡಬೇಕಾದ ಮಾತು: ಸ್ತನ ಆರೋಗ್ಯದ ತಿಳಿವಳಿಕೆಗೆ ಸರ್ಕಾರದ ನೆರವು ಪಡೆಯುವುದು ಹೇಗೆ

ಸರ್ಕಾರಿ ಲೆಕ್ಕದಲ್ಲಿ ಸ್ತನ ತಪಾಸಣೆ ಶುರುವಾಗುವುದು 30ನೇ ವಯಸ್ಸಿಗೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದೊಳಗಿನ ಹೆಂಗಸರನ್ನು ತರಬೇತಿ ಪಡೆದ ಸಿಬ್ಬಂದಿ 5 ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬಿಸಿಕೊಳ್ಳುವ ಸಿಬ್ಯಾಕ್ ನಮೂನೆ (ರೋಗದ ಅಪಾಯ ಅಳೆಯುವ ಪ್ರಶ್ನಾವಳಿ) 30 ದಾಟಿದವರದು. ಕರ್ನಾಟಕದ ಗೃಹ ಆರೋಗ್ಯ ಯೋಜನೆಯೂ ಅದೇ ವಯಸ್ಸಿನಿಂದ ಲೆಕ್ಕ ಹಿಡಿಯುತ್ತದೆ. ಅಲ್ಲಿಗೆ, ಬಿ.ಕಾಂ. ಮೊದಲ ವರ್ಷದಲ್ಲಿರುವ ಹುಡುಗಿ ಈ ಪಟ್ಟಿಗಳಲ್ಲಿ ಸೇರಲು ಇನ್ನೂ ಹನ್ನೆರಡು ವರ್ಷ ಇದೆ.

ಈ ಗೆರೆ ಎಳೆದದ್ದರಲ್ಲಿ ತಪ್ಪೇನಿಲ್ಲ. ಇಪ್ಪತ್ತರ ಹರೆಯದಲ್ಲಿ ಸ್ತನ ಕ್ಯಾನ್ಸರ್ ತೀರಾ ವಿರಳ. ಆ ವಯಸ್ಸಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ಸಿಗುವುದು ಬಹುತೇಕ ನಿರುಪದ್ರವಿ ಗಂಟುಗಳು, ಜೊತೆಗೆ ಬೇಡದ ಭಯ. ಆದರೆ ಗಂಟು ಸಿಕ್ಕ ಹುಡುಗಿ ಅದನ್ನು ಯಾರಿಗೆ ಹೇಳಬೇಕು, ಯಾವ ಆಸ್ಪತ್ರೆಯ ಯಾವ ಬಾಗಿಲಿಗೆ ಹೋಗಬೇಕು ಎಂಬುದನ್ನು ತಿಳಿಸಲು 30 ತುಂಬಲಿ ಎಂದು ಕಾಯಬೇಕಿಲ್ಲ. ಅದನ್ನು ಹೇಳಿಕೊಡಬಲ್ಲ ಸಂಬಳದ ಸಿಬ್ಬಂದಿ ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಅವರಾಗಿ ಬರುವುದಿಲ್ಲ, ಕರೆಸಿಕೊಳ್ಳಬೇಕು. ಪದವಿ ಕಾಲೇಜಿನ ಉಪನ್ಯಾಸಕಿಯರು, ಎನ್‌ಎಸ್‌ಎಸ್ ಅಧಿಕಾರಿಗಳು, ಹಾಸ್ಟೆಲ್ ವಾರ್ಡನ್‌ಗಳು, ಹೈಸ್ಕೂಲು ಶಿಕ್ಷಕಿಯರು ಮತ್ತು ಓದುವ ಹುಡುಗಿಯರೇ ಈ ಕೆಲಸಕ್ಕೆ ಕೈಹಾಕುವುದಾದರೆ ದಾರಿ ಹೀಗಿದೆ.

ಮೊದಲ ಹೆಜ್ಜೆ: ಸರಿಯಾದ ಬಾಗಿಲು ತಟ್ಟಿ

ಆರೋಗ್ಯ ಇಲಾಖೆಗೆ ಪತ್ರ ಬರೆಯುವವರು ಸಾಮಾನ್ಯವಾಗಿ ನೇರ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯುತ್ತಾರೆ. ಪತ್ರ ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ನೀವು ಹುಡುಕಬೇಕಾದ ವ್ಯಕ್ತಿ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿರುವ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ. ಹೆಸರೇ ಹೇಳುವಂತೆ ಆರೋಗ್ಯ ಶಿಕ್ಷಣ ಅವರ ಹುದ್ದೆಯ ಕೆಲಸ. ಭಿತ್ತಿಪತ್ರ, ಕರಪತ್ರ, ಯಾವ ವೈದ್ಯರು ಚೆನ್ನಾಗಿ ಮಾತಾಡುತ್ತಾರೆ ಎಂಬ ಮಾಹಿತಿ ಎಲ್ಲವೂ ಅವರ ಬಳಿ ಇರುತ್ತದೆ. ಪತ್ರವನ್ನು ತಾಲ್ಲೂಕು ಆರೋಗ್ಯಾಧಿಕಾರಿ ಹೆಸರಿಗೆ ಬರೆಯಿರಿ, ಮಾತನ್ನು ಇವರ ಹತ್ತಿರ ಆಡಿ.

ಹೈಸ್ಕೂಲು ಮತ್ತು ಪಿಯು ಹಂತಕ್ಕೆ ಬೇರೆ ದಾರಿಗಳೂ ಇವೆ. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆಂದೇ ಇರುವಂಥದ್ದು. ಅದರಡಿ ಆಸ್ಪತ್ರೆಗಳಲ್ಲಿ ನಡೆಯುವ ಹದಿಹರೆಯದವರ ಕ್ಲಿನಿಕ್‌ಗಳನ್ನು ನಮ್ಮಲ್ಲಿ ಸ್ನೇಹ ಕ್ಲಿನಿಕ್ ಎನ್ನುತ್ತಾರೆ. ಅಲ್ಲಿನ ಆಪ್ತಸಮಾಲೋಚಕರು ಶಾಲೆಗೂ ಬಂದು ಮಾತಾಡುತ್ತಾರೆ. ಮುಟ್ಟು, ರಕ್ತಹೀನತೆ ಅವರ ನಿತ್ಯದ ವಿಷಯಗಳು. ಸ್ತನ ಆರೋಗ್ಯ ಪಟ್ಟಿಯಲ್ಲಿ ಎದ್ದು ಕಾಣದಿದ್ದರೂ ಕೇಳಿದರೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. 2020ರ ಶಾಲಾ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡುವ ಏರ್ಪಾಡಿದೆ. ನಿಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ. ಕೆಲವು ಕಡೆ ಆ ರಾಯಭಾರಿಗಳಿಗೇ ತಾವು ರಾಯಭಾರಿಗಳು ಎಂಬುದು ನೆನಪಿರುವುದಿಲ್ಲ!

ಹಳ್ಳಿಯಲ್ಲಾದರೆ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ, ಬೆಂಗಳೂರಿನಂಥ ಊರಿನಲ್ಲಾದರೆ ನಮ್ಮ ಕ್ಲಿನಿಕ್‌ನ ವೈದ್ಯರು ಹತ್ತಿರದವರು. ಸರ್ಕಾರಿ ವೈದ್ಯಕೀಯ ಕಾಲೇಜು ಇರುವ ಜಿಲ್ಲೆಯಾದರೆ ಅಲ್ಲಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೂ ಒಂದು ಪತ್ರ ಕೊಡಿ. ಹೌಸ್ ಸರ್ಜನ್ ಹುಡುಗಿಯರು ಬಂದು ಮಾತಾಡಿದರೆ ಕೇಳುವವರಿಗೂ ಹೇಳುವವರಿಗೂ ನಡುವೆ ವಯಸ್ಸಿನ ಅಂತರ ಐದಾರು ವರ್ಷ ಅಷ್ಟೇ. ಪ್ರಶ್ನೆಗಳು ತಾನಾಗಿ ಬರುತ್ತವೆ.

ಎರಡನೇ ಹೆಜ್ಜೆ: ಪತ್ರ ಮತ್ತು ದಿನ

ಪತ್ರ ಉದ್ದ ಬೇಡ. ಇಷ್ಟಿದ್ದರೆ ಸಾಕು:

"ನಮ್ಮ ಕಾಲೇಜಿನ 18ರಿಂದ 21 ವರ್ಷದ ಸುಮಾರು 80 ವಿದ್ಯಾರ್ಥಿನಿಯರಿಗೆ ಸ್ತನ ಆರೋಗ್ಯದ ಬಗ್ಗೆ ಒಂದು ಗಂಟೆಯ ಮಾಹಿತಿ ಕಾರ್ಯಕ್ರಮ ನಡೆಸಲು ಮಹಿಳಾ ವೈದ್ಯಾಧಿಕಾರಿ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರನ್ನು ನಿಯೋಜಿಸಬೇಕೆಂದು ಕೋರುತ್ತೇವೆ. ಕಾರ್ಯಕ್ರಮದಲ್ಲಿ ದೈಹಿಕ ತಪಾಸಣೆ ಇರುವುದಿಲ್ಲ. ತೊಂದರೆ ಇರುವ ವಿದ್ಯಾರ್ಥಿನಿ ನಂತರ ಖಾಸಗಿಯಾಗಿ ಯಾರನ್ನು, ಎಲ್ಲಿ, ಯಾವ ದಿನ ಕಾಣಬೇಕು ಎಂಬ ವಿವರವನ್ನು ಅಂದೇ ತಿಳಿಸಿಕೊಡಬೇಕಾಗಿ ವಿನಂತಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಭಾಷಣ ಕೇಳಿ ಮನೆಗೆ ಹೋದ ಹುಡುಗಿಗೆ ಆಮೇಲೆ ಹೋಗಲು ಒಂದು ಜಾಗ, ಕೇಳಲು ಒಂದು ಹೆಸರು ಇರಬೇಕು. ತಪಾಸಣೆ ಇಲ್ಲ ಎಂದು ಬರೆಯುವುದಕ್ಕೂ ಕಾರಣವಿದೆ. ಸೆಮಿನಾರ್ ಹಾಲ್‌ನ ಮೂಲೆಗೆ ಪರದೆ ಕಟ್ಟಿ ಹುಡುಗಿಯರನ್ನು ಸಾಲು ನಿಲ್ಲಿಸಿದರೆ ಮುಂದಿನ ವರ್ಷ ಆ ಕಾರ್ಯಕ್ರಮಕ್ಕೆ ಯಾರೂ ಬರುವುದಿಲ್ಲ, ಪೋಷಕರಿಂದ ಫೋನ್ ಬೇರೆ.

ದಿನ ಗೊತ್ತುಮಾಡುವಾಗ ಆರೋಗ್ಯ ಸಿಬ್ಬಂದಿಯ ಕ್ಯಾಲೆಂಡರ್ ನೋಡಿ. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆಯ ದಿನ, ವೈದ್ಯಾಧಿಕಾರಿಗೆ ಅಂದು ಪುರುಸೊತ್ತಿಲ್ಲ. ಗುರುವಾರ ಹಲವು ಕಡೆ ಲಸಿಕೆಯ ದಿನ. ಪೋಲಿಯೊ ಭಾನುವಾರದ ಆಚೀಚಿನ ವಾರವೂ ಬೇಡ. ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿ ಮಾಸ, ನವೆಂಬರ್ 7 ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನ, ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಇಲಾಖೆಗೂ ಆ ದಿನಗಳಲ್ಲಿ ಕಾರ್ಯಕ್ರಮದ ವರದಿ ಬೇಕಿರುತ್ತದೆ, ಹಾಗಾಗಿ ನಿಮ್ಮ ಕೋರಿಕೆಗೆ ಬೇಗ ಒಪ್ಪಿಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 17ರಿಂದ ಅಕ್ಟೋಬರ್ 2ರವರೆಗೆ ದೇಶದಾದ್ಯಂತ ನಡೆದ ಸ್ವಸ್ಥ ನಾರಿ ಸಶಕ್ತ ಪರಿವಾರ ಅಭಿಯಾನದಂಥ ಅಭಿಯಾನಗಳು ಘೋಷಣೆಯಾದಾಗಲೂ ಹಾಗೆಯೇ. ಅಂಥ ಹೊತ್ತಿನಲ್ಲಿ ಪತ್ರ ಮೊದಲೇ ಇಲಾಖೆಯ ಮೇಜಿನ ಮೇಲಿದ್ದರೆ ನಿಮ್ಮ ಕಾಲೇಜಿನ ಹೆಸರು ಪಟ್ಟಿಯಲ್ಲಿ ಮೇಲಿರುತ್ತದೆ.

ಖರ್ಚು ದೊಡ್ಡದಲ್ಲ. ಸರ್ಕಾರಿ ಸಿಬ್ಬಂದಿಗೆ ಸಂಭಾವನೆ ಕೊಡಬೇಕಿಲ್ಲ, ಶಾಲು ಹಾರವಂತೂ ಬೇಡವೇ ಬೇಡ. ಹಳ್ಳಿಯಲ್ಲಿ ಕಾರ್ಯಕ್ರಮ ಮಾಡುವುದಾದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಅರಿವು ಕಾರ್ಯಕ್ರಮ ಅದರಿಂದ ಮಾಡಬಹುದಾದ ಕೆಲಸಗಳಲ್ಲೊಂದು. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಖಾಸಗಿ ಲ್ಯಾಬ್ ಅಥವಾ ಆಸ್ಪತ್ರೆಯವರು ಉಚಿತ ಕ್ಯಾಂಪ್ ಮಾಡಿಕೊಡುತ್ತೇವೆ ಎಂದು ತಾವಾಗಿ ಬಂದರೆ ಎರಡು ಪ್ರಶ್ನೆ ಕೇಳಿ: ಯಾವ ಪರೀಕ್ಷೆ, ಯಾವ ವಯಸ್ಸಿನವರಿಗೆ? ಹತ್ತೊಂಬತ್ತರ ಹುಡುಗಿಯರಿಗೆ ಶಾಖದ ಕ್ಯಾಮೆರಾ ಹಿಡಿದು ಬಣ್ಣದ ಚಿತ್ರ ಕೊಡುವ ಥರ್ಮಲ್ ಸ್ಕ್ಯಾನ್, ಸ್ತನದ ಎಕ್ಸ್-ರೇ ಆದ ಮ್ಯಾಮೋಗ್ರಾಮ್‌ಗೆ ಬದಲಿಯಲ್ಲ. ಅದರ ಹಿಂದೆಯೇ ಬರುವ ರಿಯಾಯಿತಿ ಕೂಪನ್ ಯಾರ ಆರೋಗ್ಯಕ್ಕಾಗಿ ಎಂಬುದು ಗೊತ್ತಿರುವ ವಿಷಯ.

ಮೂರನೇ ಹೆಜ್ಜೆ: ಆ ಒಂದು ಗಂಟೆಯಲ್ಲಿ ಏನು ಹೇಳಬೇಕು

ಬಂದವರು ಪವರ್‌ಪಾಯಿಂಟ್ ತೆರೆದು ಮೊದಲ ಸ್ಲೈಡ್‌ನಲ್ಲೇ ಹುಣ್ಣಾದ ಸ್ತನದ ಚಿತ್ರ ತೋರಿಸಿಬಿಟ್ಟರೆ ಕಾರ್ಯಕ್ರಮ ಅಲ್ಲಿಗೇ ಮುಗಿದಂತೆ. ಅದಕ್ಕಾಗಿ ಹಿಂದಿನ ದಿನವೇ ಫೋನ್ ಮಾಡಿ ಏನೇನು ಬೇಕೆಂದು ಹೇಳಿ. ಮೊದಲ ಇಪ್ಪತ್ತು ನಿಮಿಷ ಸಹಜವಾದದ್ದರ ಬಗ್ಗೆ ಇರಲಿ. ಹುಡುಗಿಯರು ಮನಸ್ಸಿನಲ್ಲಿ ಹೊತ್ತು ತಿರುಗುವ ಚಿಂತೆಯಲ್ಲಿ ಹೆಚ್ಚಿನ ಪಾಲು ಇಲ್ಲೇ ಕರಗುತ್ತದೆ.

ಎರಡು ಸ್ತನಗಳ ಗಾತ್ರದಲ್ಲಿ ವ್ಯತ್ಯಾಸ ಇರುವುದು ಸಹಜ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಭಾರ, ನೋವು, ಮುಟ್ಟಿದರೆ ಗಂಟುಗಂಟು ಅನ್ನಿಸುವುದು, ಮುಟ್ಟಾದ ಮೇಲೆ ಅದು ಇಳಿಯುವುದು ಹಾರ್ಮೋನುಗಳ ಏರಿಳಿತ. ಬರೀ ನೋವೊಂದೇ ಇದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಇಪ್ಪತ್ತರ ಆಸುಪಾಸಿನಲ್ಲಿ ಸಿಗುವ ಗಂಟುಗಳಲ್ಲಿ ಅತಿ ಸಾಮಾನ್ಯವಾದದ್ದು ಫೈಬ್ರೊಅಡಿನೋಮ. ರಬ್ಬರಿನ ಹಾಗೆ ನಯವಾಗಿ, ಬೆರಳು ಇಟ್ಟರೆ ಜಾರಿ ಸರಿಯುತ್ತದೆ, ನೋಯುವುದಿಲ್ಲ. ಅದು ಕ್ಯಾನ್ಸರ್ ಅಲ್ಲ. ಚಿಕ್ಕದಾಗಿದ್ದರೆ ತೆಗೆಯದೆ ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತಾ ಬಿಡುವುದೂ ಉಂಟು. ಆದರೆ ಅದು ಫೈಬ್ರೊಅಡಿನೋಮವೇ ಎಂದು ಹೇಳಬೇಕಾದವರು ವೈದ್ಯರು. ಗೆಳತಿಯೋ ಗೂಗಲ್ಲೋ ಹೇಳಿದರೆ ಆಗುವುದಿಲ್ಲ.

ಹೈಸ್ಕೂಲಿನಲ್ಲಿ ಮಾತಾಡುವವರು, ಅದರಲ್ಲೂ ತಾಯಂದಿರ ಸಭೆಯಲ್ಲಿ, ಒಂದು ವಿಷಯವನ್ನು ಒತ್ತಿ ಹೇಳಬೇಕು. ಎಂಟರಿಂದ ಹದಿಮೂರು ವರ್ಷದ ನಡುವೆ ಸ್ತನ ಮೂಡುವಾಗ ಎಷ್ಟೋ ಸಲ ಒಂದೇ ಬದಿಯಲ್ಲಿ ಮೊದಲು ಮೂಡುತ್ತದೆ. ತೊಟ್ಟಿನ ಕೆಳಗೆ ಗುಂಡಿಯಷ್ಟು ಗಾತ್ರದ ಗಟ್ಟಿ ಗಂಟು, ಮುಟ್ಟಿದರೆ ನೋವು. ಗಾಬರಿಬಿದ್ದ ಅಮ್ಮ ಮಗಳನ್ನು ಕರೆದುಕೊಂಡು ಓಡುತ್ತಾಳೆ. ಅದು ಗೆಡ್ಡೆಯಲ್ಲ, ಸ್ತನದ ಮೊಗ್ಗು. ಅದನ್ನು ಗಂಟೆಂದು ತಿಳಿದು ಕೊಯ್ದರೆ ಆ ಬದಿಯ ಸ್ತನ ಬೆಳೆಯುವುದೇ ನಿಂತುಹೋಗಬಹುದು. ಮಕ್ಕಳ ತಜ್ಞರಿಗೆ ಒಮ್ಮೆ ತೋರಿಸಿದರೆ ಸಾಕು.

ಆಮೇಲೆ ಗಮನಿಸಬೇಕಾದ ಬದಲಾವಣೆಗಳು. ಇವನ್ನು ಬೋರ್ಡಿನ ಮೇಲೆ ಬರೆಸಿ, ಫೋಟೊ ತೆಗೆದುಕೊಳ್ಳಲು ಬಿಡಿ:

- ಮುಟ್ಟು ಮುಗಿದ ಮೇಲೂ ಕರಗದ ಗಂಟು, ಸ್ತನದಲ್ಲಾಗಲಿ ಕಂಕುಳಲ್ಲಾಗಲಿ
- ಒಂದೇ ತೊಟ್ಟಿನಿಂದ ತಾನಾಗಿ ಒಸರುವ ದ್ರವ, ಅದರಲ್ಲೂ ರಕ್ತ ಬೆರೆತದ್ದು
- ಮೊದಲು ಸರಿಯಿದ್ದು ಇತ್ತೀಚೆಗೆ ಒಳಗೆ ಎಳೆದುಕೊಂಡ ತೊಟ್ಟು
- ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಗುಳಿ ಬೀಳುವುದು, ಕೆಂಪಾಗಿ ಬಿಸಿಯಾಗುವುದು
- ತೊಟ್ಟಿನ ಮೇಲೆ ಮುಲಾಮು ಹಚ್ಚಿದರೂ ಮಾಯದ ಹುಣ್ಣು ಅಥವಾ ಇಸುಬು
- ಒಂದು ಬದಿಯ ಗಾತ್ರ, ಆಕಾರದಲ್ಲಿ ಹೊಸದಾಗಿ ಕಂಡ ಬದಲಾವಣೆ

ಹುಟ್ಟಿದಾಗಿನಿಂದ ಒಳಗೇ ಇರುವ ತೊಟ್ಟು ಈ ಪಟ್ಟಿಯಲ್ಲಿ ಬರುವುದಿಲ್ಲ, ಅದನ್ನೂ ಬಾಯಿಬಿಟ್ಟು ಹೇಳಿ.

ಮನೆತನದ ವಿಷಯಕ್ಕೆ ಹತ್ತು ನಿಮಿಷ ಇಡಿ. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ವಂಶವಾಹಿಯಿಂದ ಬರುವಂಥವು. ಆದರೆ ಎಳೆಯ ವಯಸ್ಸಿನಲ್ಲಿ ಬರುವವುಗಳಲ್ಲಿ ಅದರ ಪಾಲು ಹೆಚ್ಚು. ಅಮ್ಮ, ಅಕ್ಕ, ಚಿಕ್ಕಮ್ಮ, ಅಜ್ಜಿಯರಲ್ಲಿ ಯಾರಿಗಾದರೂ 50 ತುಂಬುವ ಮೊದಲೇ ಸ್ತನ ಕ್ಯಾನ್ಸರ್ ಬಂದಿತ್ತೇ, ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಇತ್ತೇ, ಗಂಡಸರಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ ಎಂದು ಮನೆಯಲ್ಲಿ ಕೇಳಲಿ. ಸೋದರತ್ತೆಯನ್ನು ಮರೆಯಬಾರದು. ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ಅಪ್ಪನ ಕಡೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿ "ಎದೆಹುಣ್ಣಾಗಿ" ಹೋದಳು ಎಂಬ ಮಾತು ಪಿಸುದನಿಯಲ್ಲಿ ಬಂದು ಹೋಗಿರುತ್ತದೆ. ಆಗ ಆಕೆಗೆ ಎಷ್ಟು ವಯಸ್ಸು ಎಂದು ಯಾರೂ ಕೇಳಿರುವುದಿಲ್ಲ. ಇಂಥ ಇತಿಹಾಸವಿದ್ದವರು 30ರ ಗೆರೆಗೆ ಕಾಯದೆ ಈಗಲೇ ವೈದ್ಯರ ಸಲಹೆ ಪಡೆಯಬೇಕು.

ಪ್ರಶ್ನೆಗಳಿಗೆ ಪೆಟ್ಟಿಗೆ ಇಡಿ. ಕಾರ್ಯಕ್ರಮಕ್ಕೆ ಎರಡು ದಿನ ಮೊದಲೇ ಲೇಡೀಸ್ ರೂಮಿನಲ್ಲಿಟ್ಟರೆ ಹೆಸರಿಲ್ಲದ ಚೀಟಿಗಳು ತುಂಬುತ್ತವೆ. ಕಪ್ಪು ಬ್ರಾ ಹಾಕಿದರೆ ಬರುತ್ತದಾ, ರಾತ್ರಿ ಬ್ರಾ ಹಾಕಿ ಮಲಗಿದರೆ, ಡಿಯೋಡರೆಂಟ್ ಹಾಕಿದರೆ, ಎದೆಗೆ ಪೆಟ್ಟು ಬಿದ್ದರೆ: ಇವೆಲ್ಲಕ್ಕೂ ಉತ್ತರ ಇಲ್ಲ ಎಂದೇ. ಮದ್ಯಪಾನ ಅಪಾಯ ಹೆಚ್ಚಿಸುತ್ತದೆ, ಎದೆಹಾಲು ಕುಡಿಸುವುದು ಕಡಿಮೆ ಮಾಡುತ್ತದೆ ಎಂಬುದು ಮಾತ್ರ ನಿಜ.

ಹುಡುಗರನ್ನು ಏನು ಮಾಡುವುದು? ಒಟ್ಟಿಗೆ ಕೂರಿಸಿದರೆ ಹುಡುಗಿಯರು ಬಾಯಿ ಬಿಡುವುದಿಲ್ಲ. ಹೊರಗಿಟ್ಟರೆ ಕಾರಿಡಾರಿನಲ್ಲಿ ಗೇಲಿ. ಬೇರೆ ಕೋಣೆಯಲ್ಲಿ ಅವರಿಗೂ ಅರ್ಧ ಗಂಟೆ ಇರಲಿ ಎಂಬುದು ನನ್ನ ಅಭಿಪ್ರಾಯ. ಪ್ರೌಢಾವಸ್ಥೆಯಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಸ್ವಲ್ಪ ಕಾಲ ಎದೆ ಊದಿಕೊಳ್ಳುತ್ತದೆ, ತಾನಾಗಿ ಇಳಿಯುತ್ತದೆ. ಅದನ್ನು ಮುಚ್ಚಿಡಲು ಬನಿಯನ್ ಮೇಲೆ ಬನಿಯನ್ ಹಾಕಿಕೊಂಡು ಪಿ.ಟಿ. ಪಿರಿಯಡ್ ತಪ್ಪಿಸಿದವರು ಆ ಗುಂಪಿನಲ್ಲೇ ಇರುತ್ತಾರೆ.

ಫೋಟೊ ವಿಷಯ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಕಡತಕ್ಕೆ ಜಿಯೋ ಟ್ಯಾಗ್ ಆದ ಚಿತ್ರ ಬೇಕೇ ಬೇಕು ಎಂದು ಸಂಯೋಜಕರು ಕೇಳುತ್ತಾರೆ. ಬ್ಯಾನರ್ ಮತ್ತು ವೇದಿಕೆಯ ಚಿತ್ರ ತೆಗೆಯಿರಿ, ಕೇಳುವವರನ್ನು ಹಿಂದಿನಿಂದ ತೆಗೆಯಿರಿ. ಪ್ರಶ್ನೆ ಕೇಳುತ್ತಿರುವ ಹುಡುಗಿಯ ಮುಖ ವಾಟ್ಸಾಪ್ ಗುಂಪಿಗೆ ಹೋಗಕೂಡದು.

ಸ್ವಯಂ ಪರೀಕ್ಷೆ ಕಲಿಸಬೇಕೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹುತೇಕ ಕರಪತ್ರಗಳಲ್ಲಿ ಪ್ರತಿ ತಿಂಗಳು ಕನ್ನಡಿ ಮುಂದೆ ನಿಂತು, ಆಮೇಲೆ ಮಲಗಿ, ಸುತ್ತು ಸುತ್ತಾಗಿ ಬೆರಳಾಡಿಸುವ ಚಿತ್ರಗಳಿರುತ್ತವೆ. ಚೀನಾದ ಶಾಂಘೈನಲ್ಲಿ ಜವಳಿ ಕಾರ್ಖಾನೆಗಳ 2,66,064 ಹೆಂಗಸರ ಮೇಲೆ ಈ ಪದ್ಧತಿಯನ್ನು ಪರೀಕ್ಷೆಗೊಡ್ಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಲಿತವರಿಗೂ ಕಲಿಯದವರಿಗೂ ಸ್ತನ ಕ್ಯಾನ್ಸರ್ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿರುಪದ್ರವಿ ಗಂಟುಗಳಿಗೆ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಮಾತ್ರ ಹೆಚ್ಚಾಯಿತು.

ತರಬೇತಿ ಪಡೆದವರ ಕೈ ಬೇರೆ ಮಾತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ 35ರಿಂದ 64 ವರ್ಷದ 1,51,538 ಹೆಂಗಸರನ್ನು ಎರಡು ದಶಕ ಹಿಂಬಾಲಿಸಿದರು. ಅರ್ಧದಷ್ಟು ಜನರನ್ನು ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸುತ್ತಿದ್ದರು. 2021ರಲ್ಲಿ ಹೊರಬಂದ ವರದಿಯ ಪ್ರಕಾರ ಆ ಗುಂಪಿನಲ್ಲಿ ಕ್ಯಾನ್ಸರ್ ಮುಂಚಿನ ಹಂತದಲ್ಲೇ ಪತ್ತೆಯಾಯಿತು, 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ತಗ್ಗಿತು. 50ರ ಕೆಳಗಿನವರಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ.

ಅಮೆರಿಕದಲ್ಲೂ ಇದೇ ಜಟಾಪಟಿ ನಡೆದಿದೆ. 41ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಕಂಡ ಸಂಸದೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್, ಯುವತಿಯರ ಸ್ತನ ಆರೋಗ್ಯ ಶಿಕ್ಷಣಕ್ಕೆ ಸರ್ಕಾರವೇ ಹಣ ಕೊಡಬೇಕೆಂದು 2009ರಲ್ಲಿ ಮಸೂದೆ ತಂದರು. ಆಧಾರವಿಲ್ಲದ್ದನ್ನು ಕಲಿಸಿ ಹುಡುಗಿಯರನ್ನು ಹೆದರಿಸಿದಂತಾಗುತ್ತದೆ ಎಂದು ಕೆಲವು ತಜ್ಞರೇ ಅದನ್ನು ವಿರೋಧಿಸಿದರು. ಕಡೆಗೆ 2010ರ ಆರೋಗ್ಯ ಕಾಯ್ದೆಯೊಳಗೆ ಸೇರುವಾಗ, ಅಭಿಯಾನ ವೈಜ್ಞಾನಿಕ ಆಧಾರದ ಮೇಲೇ ನಡೆಯಬೇಕೆಂದು ಬರೆದು ವರ್ಷಕ್ಕೆ 90 ಲಕ್ಷ ಡಾಲರ್ ಮಂಜೂರು ಮಾಡಿದರು. ಆ ಜಗಳದಿಂದ ನಾವು ಎತ್ತಿಕೊಳ್ಳಬೇಕಾದ್ದು ಆ ಷರತ್ತನ್ನು.

ಹಾಗಾದರೆ ಹುಡುಗಿಯರಿಗೆ ಹೇಳುವುದೇನು? ನಿಮ್ಮ ಮೈ ನಿಮಗೆ ಪರಿಚಯವಿರಲಿ. ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ಕಂಕುಳವರೆಗೂ ಕಣ್ಣು, ಕೈ ಹೋಗಲಿ. ಮುಟ್ಟು ಶುರುವಾದ ಒಂದು ವಾರದ ನಂತರ ಸ್ತನ ಮೃದುವಾಗಿರುತ್ತದೆ, ಆಗ ಏನಾದರೂ ಹೊಸತಿದ್ದರೆ ತಿಳಿಯುವುದು ಸುಲಭ. ತಾರೀಖು ಹಾಕಿಕೊಂಡು ವ್ರತದಂತೆ ಮಾಡಬೇಕಿಲ್ಲ, ತಪ್ಪಿದರೆ ಅಪರಾಧವೇನೂ ಅಲ್ಲ.

ನಾಲ್ಕನೇ ಹೆಜ್ಜೆ: ಗಂಟು ಸಿಕ್ಕಿದರೆ

ಕಾರ್ಯಕ್ರಮದ ಮಾರನೇ ದಿನವೋ ಮಾರನೇ ತಿಂಗಳೋ ಒಬ್ಬಳು ಬಂದು "ಮೇಡಂ, ಒಂದು ವಿಷಯ" ಎಂದು ಶುರುಮಾಡುತ್ತಾಳೆ. ಆಗ ನಿಮ್ಮ ಹತ್ತಿರ ದಾರಿ ಸಿದ್ಧವಿರಬೇಕು.

ಮುಟ್ಟಿಗೆ ಮುಂಚೆ ಸಿಕ್ಕಿದ ಗಂಟಾದರೆ ಆ ಸಲದ ಮುಟ್ಟು ಮುಗಿಯುವವರೆಗೆ ನೋಡಬಹುದು. ಆಮೇಲೂ ಇದ್ದರೆ ತೋರಿಸಬೇಕು. ರಕ್ತ ಒಸರುವುದು, ಚರ್ಮ ಅಥವಾ ತೊಟ್ಟಿನ ಬದಲಾವಣೆ ಇದ್ದರೆ ಒಂದು ದಿನವೂ ಕಾಯುವುದು ಬೇಡ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಅವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಹುಡುಗಿಯರು ನೇರ ಹೆರಿಗೆ ವಿಭಾಗದ ಮುಂದೆ ಹೋಗಿ ನಿಲ್ಲುತ್ತಾರೆ. ಸ್ತನದ ಗಂಟು ನೋಡುವವರು ಜನರಲ್ ಸರ್ಜರಿ ವಿಭಾಗದವರು. ಇದೊಂದು ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ. ಸರ್ಜನ್ ಗಂಡಸಾಗಿದ್ದರೆ ಪರೀಕ್ಷೆ ವೇಳೆ ಇನ್ನೊಬ್ಬ ಹೆಂಗಸು ಕೋಣೆಯಲ್ಲಿರಬೇಕೆಂದು ಕೇಳುವುದು ರೋಗಿಯ ಹಕ್ಕು. ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಅದಿದೆ. ಅಮ್ಮನೋ ಗೆಳತಿಯೋ ನರ್ಸೋ ಯಾರಾದರೂ ಆಗಬಹುದು.

ಪರೀಕ್ಷೆ ಮೂರು ಹಂತದ್ದು: ವೈದ್ಯರ ಕೈ, ಸ್ಕ್ಯಾನ್, ಬೇಕೆನಿಸಿದರೆ ಸೂಜಿ. ಎಳೆ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೋಗ್ರಾಮ್‌ನಲ್ಲಿ ಸ್ಪಷ್ಟ ಕಾಣುವುದಿಲ್ಲ, ಅದಕ್ಕೇ 30ರ ಕೆಳಗಿನವರಿಗೆ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. ಸೂಜಿ ಚುಚ್ಚಿದರೆ ಗಂಟು ಹರಡುತ್ತದೆ ಎಂಬುದು ಸುಳ್ಳು. ಈ ಒಂದು ಸುಳ್ಳಿಗೆ ಹೆದರಿ ತಿಂಗಳುಗಟ್ಟಲೆ ಎಲೆಕಟ್ಟು, ಪಟ್ಟು ಹಾಕಿಸಿಕೊಳ್ಳುತ್ತಾ ಕೂತು, ಬಂದಾಗ ಹೊತ್ತು ಮೀರಿರುವ ಉದಾಹರಣೆಗಳನ್ನು ಯಾವ ಸರ್ಜನ್ ಕೇಳಿದರೂ ಹೇಳುತ್ತಾರೆ. ಗಂಟು ತೆಗೆದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ, ವರದಿಯ ಪ್ರತಿ ಪಡೆದು, ಲ್ಯಾಮಿನೇಟ್ ಮಾಡದೆ ಪ್ಲಾಸ್ಟಿಕ್ ಕವರಿನಲ್ಲಿಡಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರುಮಾಡಿದ ಸ್ತನ ಕ್ಯಾನ್ಸರ್ ಉಪಕ್ರಮದಲ್ಲಿ ಒಂದು ಗಡುವಿದೆ: ಮೊದಲ ಸಲ ವೈದ್ಯರಿಗೆ ತೋರಿಸಿದ ಮೇಲೆ 60 ದಿನದೊಳಗೆ ಏನೆಂದು ಖಚಿತವಾಗಬೇಕು. ಚೀಟಿಯ ಮೇಲಿನ ತಾರೀಖಿನಿಂದ ಲೆಕ್ಕ ಹಾಕಿ. ಸ್ಕ್ಯಾನ್ ಯಂತ್ರ ಕೆಟ್ಟಿದೆ, ಡಾಕ್ಟರ್ ರಜೆ ಎಂದು ದಿನ ತಳ್ಳಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಬೇರೆ ಯಾವ ಸರ್ಕಾರಿ ಆಸ್ಪತ್ರೆಗೆ ಹೋಗಬಹುದೆಂದು ಕೇಳಿ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಟಿಕೆಟ್ ದುಡ್ಡು ಬೇಕಿಲ್ಲ, ಆಧಾರ್ ಒಂದಿರಲಿ. ಭಯ ವಿಪರೀತವಾಗಿ ನಿದ್ದೆಗೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕ್ಯಾನ್ಸರ್ ಎಂದೇ ತಿಳಿದರೆ ಹಣದ ದಾರಿ ಇದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಟ್ಟು 1.5 ಲಕ್ಷದ ಮಿತಿ. ಪಡಿತರ ಚೀಟಿ, ಆಧಾರ್ ಬೇಕು. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೈಯಲ್ಲಿರಲಿ, ಹೆಚ್ಚಿನ ಜನ ಎಡವುವುದು ಇಲ್ಲೇ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆ ರಾಜ್ಯ ಸರ್ಕಾರದ್ದು, ಕಲಬುರಗಿಯಲ್ಲೂ ಅದರ ಕೇಂದ್ರವಿದೆ.

ಕಾಲೇಜಿನ ಆಚೆ

ಎಲ್ಲ ಯುವತಿಯರೂ ಕಾಲೇಜಿನಲ್ಲಿಲ್ಲ. ಪೀಣ್ಯ, ಬೊಮ್ಮನಹಳ್ಳಿ, ರಾಮನಗರ, ಮದ್ದೂರಿನ ಗಾರ್ಮೆಂಟ್ಸ್‌ಗಳಲ್ಲಿ ಮಿಷನ್ ಮುಂದೆ ಕೂತಿರುವವರೂ ಅದೇ ವಯಸ್ಸಿನವರು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಇರುತ್ತದೆ. ಅವರು ಹೋಗಬೇಕಾದ್ದು ಇಎಸ್‌ಐ ಚಿಕಿತ್ಸಾಲಯಕ್ಕೆ, ಅಲ್ಲಿಂದ ಮುಂದಕ್ಕೆ ಅವರೇ ಕಳಿಸುತ್ತಾರೆ. ಕಾರ್ಖಾನೆಯಲ್ಲಿ ಮಾಹಿತಿ ಕಾರ್ಯಕ್ರಮ ಮಾಡಿಸುವುದಾದರೆ ಊಟದ ವಿರಾಮದ ಹದಿನೈದು ನಿಮಿಷಕ್ಕೆ ಹೊಂದುವಷ್ಟೇ ಮಾತು ಇಟ್ಟುಕೊಳ್ಳಿ. ಬದಲಾವಣೆಗಳ ಪಟ್ಟಿ, ಹೋಗಬೇಕಾದ ಜಾಗ, ಅಷ್ಟು ಸಾಕು. ಹಳ್ಳಿಯಲ್ಲಿ ಸಂಜೀವಿನಿ ಸ್ವಸಹಾಯ ಸಂಘದ ವಾರದ ಸಭೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಒಳ್ಳೆಯ ಜಾಗಗಳು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಲ್ಲಿ ಸಂಜೆ ಊಟಕ್ಕೆ ಮುಂಚಿನ ಹೊತ್ತು ಎಲ್ಲರೂ ಸಿಗುತ್ತಾರೆ.

ಪತ್ರ ಕೊಟ್ಟು ತಿಂಗಳುಗಳಾದರೂ ಉತ್ತರವೇ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು: ಕಳೆದ ವರ್ಷ ತಾಲ್ಲೂಕಿನಲ್ಲಿ ಸ್ತನ ಆರೋಗ್ಯದ ಬಗ್ಗೆ ಎಷ್ಟು ಕಾರ್ಯಕ್ರಮ, ಎಲ್ಲೆಲ್ಲಿ. ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದು, 150 ಪದ ಮೀರುವಂತಿಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಆದರೆ ಇದು ಕೊನೆಯ ಅಸ್ತ್ರ. ಸಾಮಾನ್ಯವಾಗಿ ಒಂದು ಸಲ ಕಚೇರಿಗೆ ಹೋಗಿ ಎದುರು ಕೂತರೆ ಕೆಲಸವಾಗುತ್ತದೆ.

ಹುಡುಗಿಯರಿಗೆ ಒಂದು ಮನೆಗೆಲಸ

ಕಾರ್ಯಕ್ರಮ ಮುಗಿಯುವ ಮುಂಚೆ ಪ್ರತಿಯೊಬ್ಬಳಿಗೂ ಈ ಕೆಲಸ ಕೊಡಿ. ಅವಳಿಗೆ 19, ಸರ್ಕಾರದ ತಪಾಸಣೆ ಅವಳಿಗೆ ಸಲ್ಲದು. ಮನೆಯಲ್ಲಿರುವ ಅಮ್ಮನಿಗೆ 42 ಅಥವಾ 45. ಅವರಿಗೆ ಸಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9. ನೂರಕ್ಕೆ ಒಬ್ಬರೂ ಇಲ್ಲ. ಅತ್ತ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್‌ಗಳು, 98 ಸಾವಿರ ಸಾವುಗಳು ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಹೊಸ ರೋಗಿಗಳಿಗೂ ಸಾವಿಗೂ ನಡುವಿನ ಈ ಅಂತರ ಇಷ್ಟು ಕಡಿಮೆ ಇರುವುದು ಬಹುಮಟ್ಟಿಗೆ ರೋಗಿಗಳು ತಡವಾಗಿ ಬರುವುದರಿಂದ.

ಮನೆಗೆಲಸ ಹೀಗಿರಲಿ: ನಿಮ್ಮ ಬೀದಿಯ ಆಶಾ ಯಾರು ಎಂದು ಪತ್ತೆಹಚ್ಚಿ. ಅಮ್ಮನ ಸಿಬ್ಯಾಕ್ ನಮೂನೆ ತುಂಬಿದೆಯೇ ಕೇಳಿ. ಆ ನಮೂನೆಯಲ್ಲಿ ಸ್ತನದಲ್ಲಿ ಗಂಟು, ತೊಟ್ಟಿನಿಂದ ರಕ್ತ, ಆಕಾರದ ಬದಲಾವಣೆ ಬಗ್ಗೆ ನೇರ ಪ್ರಶ್ನೆಗಳಿವೆ. ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲಕ್ಕೂ "ಇಲ್ಲ" ಎಂದು ಗೀಚಿಸಿಬಿಡುವ ರೂಢಿಯಿದೆ, ಹಾಗಾಗದಂತೆ ಅಮ್ಮನ ಜೊತೆ ಕೂತು ತುಂಬಿಸಿ. ಆಮೇಲೆ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಸ್ತನ ಪರೀಕ್ಷೆ ಮಾಡುವ ದಿನ ಯಾವುದು ಕೇಳಿ, ಅಮ್ಮನನ್ನು ಕರೆದೊಯ್ಯಿರಿ. ಅತ್ತೆ, ಚಿಕ್ಕಮ್ಮ ಒಂದೇ ಬೀದಿಯಲ್ಲಿದ್ದರೆ ಮೂವರೂ ಒಟ್ಟಿಗೆ ಹೋಗಲಿ, ಒಬ್ಬಳೇ ಹೋಗುವುದಕ್ಕಿಂತ ಸಂಕೋಚ ಕಡಿಮೆ. ಮುಂದಿನ ತಿಂಗಳು ತರಗತಿಯಲ್ಲಿ ಎಷ್ಟು ಅಮ್ಮಂದಿರ ಪರೀಕ್ಷೆ ಆಯಿತು ಎಂದು ಹೆಸರು ಕೇಳದೆ ಕೈ ಎತ್ತಿಸಿ, ಆ ಸಂಖ್ಯೆಯನ್ನು ಬರೆದು ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಗೆ ಕಳಿಸಿ. ಮುಂದಿನ ವರ್ಷದ ಕೋರಿಕೆ ಪತ್ರಕ್ಕೆ ಅದೇ ಲಗತ್ತು.